ಸಿಂಹ ಸಾಕು, ಅಧಿಕಾರಿಗಳನ್ನು ಕರೆತನ್ನಿ

ನಮಸ್ಕಾರ. ರೋಮನ್ ಸಾಮ್ರಾಜ್ಯದ ಕ್ರೈಸ್ತರ ಬಗ್ಗೆ ನೀವು ಬರೆದ ‘ಸಿಂಹದ ಬಾಯಿಂದ ಸಿಂಹಾಸನಕ್ಕೆ’ ಲೇಖನ ಎರಡು ಸಲ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೆ ಒಳ್ಳೆ ಸರಕಿದೆ.

ರೋಮ್ ಮುನ್ನೂರು ವರ್ಷ ಬಿಡದೆ ಕ್ರೈಸ್ತರನ್ನು ಬೇಟೆಯಾಡಿತು, ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದವನೇ ಅವರದನ್ನು ರಾಜಧರ್ಮ ಮಾಡಿದ ಅಂದಿದ್ದೀರಿ. ಎರಡೂ ತಪ್ಪು. ಹಿಂಸೆ ಬಹುಕಾಲ ಅಲ್ಲಲ್ಲಿ, ಆಗಾಗ ನಡೆದದ್ದು. ಅವನ ಕಾಲದಲ್ಲಿ, 313ರಲ್ಲಿ, ಸಿಕ್ಕಿದ್ದು ಎಲ್ಲ ಧರ್ಮದವರಿಗೂ ಆರಾಧನೆಯ ಸ್ವಾತಂತ್ರ್ಯ ಅಷ್ಟೇ. ರಾಜಧರ್ಮದ ಆಜ್ಞೆ 380ರದು, ಆಮೇಲೆ ಬಂದ ಚಕ್ರವರ್ತಿ ಥಿಯೋಡೋಸಿಯಸ್ ಹೊರಡಿಸಿದ್ದು.

ಇದನ್ನು ತಿದ್ದಬಹುದು. ನನಗೆ ಜಾಸ್ತಿ ಬೇಸರವಾಗಿದ್ದು ಪ್ಲಿನಿಯನ್ನು ಒಂದೇ ಸಾಲಲ್ಲಿ ಮುಗಿಸಿದ್ದಕ್ಕೆ. ಅವನೇ ಅಲ್ವಾ ನಿಮ್ಮ ಕಥೆ! 112ರ ಸುಮಾರಿಗೆ ಅವನು ಬಿಥಿನಿಯದ, ಅಂದರೆ ಈಗಿನ ಉತ್ತರ ಟರ್ಕಿಯ, ಗವರ್ನರ್. ಯಾರೋ ಹೆಸರು ಹಾಕದೆ ಕ್ರೈಸ್ತರ ಪಟ್ಟಿ ಕಳಿಸಿದ್ದಾರೆ. ಈ ಜನರ ಅಪರಾಧ ಏನು ಅಂತಲೇ ಅವನಿಗೆ ಸರಿಯಾಗಿ ಗೊತ್ತಿಲ್ಲ. ಆದರೂ ‘ನೀನು ಕ್ರೈಸ್ತನಾ?’ ಅಂತ ಮೂರು ಸಲ ಕೇಳುತ್ತಾನೆ. ಹೌದೆಂದು ಹಟ ಹಿಡಿದವರನ್ನು ಕೊಲ್ಲಿಸುತ್ತಾನೆ. ಅಲ್ಲ ಅಂದವರು ಚಕ್ರವರ್ತಿಯ ಮೂರ್ತಿಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಬೈದರೆ ಬಿಡುಗಡೆ. ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದರೂ ಮೂಢನಂಬಿಕೆ ಬಿಟ್ಟು ಬೇರೇನೂ ಸಿಗಲಿಲ್ಲ ಅಂತ ಚಕ್ರವರ್ತಿ ಟ್ರೇಜನ್‌ಗೆ ಬರೆಯುತ್ತಾನೆ. ಉತ್ತರ ಬರುತ್ತದೆ: ಹುಡುಕಿಕೊಂಡು ಹೋಗಬೇಡ, ದೂರು ಸಾಬೀತಾದರೆ ಶಿಕ್ಷಿಸು, ಹೆಸರಿಲ್ಲದ ದೂರನ್ನು ಮುಟ್ಟಬೇಡ. ಸರ್ಕಾರಿ ಕಚೇರಿ ಸುತ್ತಿದ ನಮ್ಮ ಓದುಗರಿಗೆ ಈ ಜಾಣತನ ವಿವರಿಸಬೇಕಾ?

ಆಮೇಲೆ ಚಕ್ರವರ್ತಿ ಡೆಸಿಯಸ್. ಅವನ ಹೆಸರೇ ನಿಮ್ಮಲ್ಲಿಲ್ಲ. ಇಡೀ ಸಾಮ್ರಾಜ್ಯ ರೋಮನ್ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು ಅಂತ 250ರ ಹೊತ್ತಿಗೆ ಹುಕುಂ ಮಾಡಿದವನು. ಪಪೈರಸ್ ಅನ್ನುವ ಜೊಂಡಿನ ಹಾಳೆಯ ಆ ಚೀಟಿಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಒಂದರಲ್ಲಿ ಡಯೋಜಿನಿಸ್ ಅನ್ನುವ 72ರ ಮುದುಕ. ಗುರುತಿಗೆ ಬಲ ಹುಬ್ಬಿನ ಮೇಲೆ ಗಾಯದ ಕಲೆ. ಬಲಿ ಕೊಡದೆ, ದುಡ್ಡು ಕೊಟ್ಟು ಚೀಟಿ ಮಾಡಿಸಿಕೊಂಡ ಕ್ರೈಸ್ತರೂ ಇದ್ದರು. ಅವರನ್ನು ಕ್ರೈಸ್ತ ಸಭೆಗೆ ವಾಪಸ್ ಸೇರಿಸಬೇಕಾ ಬೇಡವಾ ಅನ್ನುವ ಜಗಳ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನ ನಿದ್ದೆ ಕೆಡಿಸಿತು. ನಿಮ್ಮ ಲೇಖನದಲ್ಲಿ ಎಲ್ಲರೂ ಹುತಾತ್ಮರೇ. ಹೆದರಿದವರಿಗೂ ಒಂದು ಪುಟ ಕೊಡಿ.

ಕೊನೆಯಲ್ಲಿ ಇಂದಿನ ರಾಜಕಾರಣಿಗಳಿಗೆ ಹೇಳಿದ ಬುದ್ಧಿಮಾತು ಪೂರ್ತಿ ತೆಗೆಯಿರಿ. ಆ ಜಾಗಕ್ಕೆ ಆಂಬ್ರೋಸ್ ಬರಲಿ. 390ರಲ್ಲಿ ಗ್ರೀಸಿನ ಥೆಸಲೋನಿಕದಲ್ಲಿ ಜನರನ್ನು ಕೊಲ್ಲಿಸಿದ್ದಕ್ಕೆ ಥಿಯೋಡೋಸಿಯಸ್‌ನಿಂದಲೇ ಪ್ರಾಯಶ್ಚಿತ್ತ ಮಾಡಿಸಿದ ಮಿಲಾನಿನ ಬಿಷಪ್ ಅವನು. ಶೀರ್ಷಿಕೆ ನೀವು ಇಟ್ಟದ್ದೇ ಇರಲಿ, ಪ್ರಾಸ ಚೆನ್ನಾಗಿದೆ. ತಿದ್ದಿ ಕಳಿಸಿ, ಓದುತ್ತೇನೆ.