ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ 90 ದಿನ ಮುಗಿದ ಮೇಲೆ, ಆ ದೇಶಗಳ ಹೊರಗಿರುವ ಲಂಡನ್ನಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆಯೇ?

ಇಲ್ಲ. ವೀಸಾ ಒಂದು ವರ್ಷದ್ದಿರಲಿ, ಐದು ವರ್ಷದ್ದಿರಲಿ, ಯಾವುದೇ 180 ದಿನಗಳಲ್ಲಿ ಷೆಂಗೆನ್‌ನ 29 ದೇಶಗಳಲ್ಲಿ ಒಟ್ಟು ಸೇರಿ ಇರಬಹುದಾದದ್ದು ಹೆಚ್ಚೆಂದರೆ 90 ದಿನ. ಜರ್ಮನಿಯಲ್ಲಿ ಮಗಳ ಮನೆ, ಮಧ್ಯೆ ಒಂದು ವಾರ ಪ್ಯಾರಿಸ್ ಎಂದರೂ ಲೆಕ್ಕ ಒಂದೇ.

ಜನ ಎಡವುವುದು ಆ 180ರಲ್ಲಿ. ಅದು ಜನವರಿಯಿಂದ ಜೂನ್ ಎಂಬ ನಿಗದಿತ ಅವಧಿಯಲ್ಲ, ದಿನದಿನಕ್ಕೂ ಮುಂದೆ ಸರಿಯುವ ಕಿಟಕಿ. ಅಲ್ಲಿರುವ ಪ್ರತಿ ದಿನವೂ, ಆ ದಿನವನ್ನೂ ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು; ಅದರೊಳಗೆ ನೀವು ಅಲ್ಲಿದ್ದ ದಿನಗಳು 90 ಮೀರಬಾರದು. ಬಂದಿಳಿದ ದಿನವೂ ಹೊರಟ ದಿನವೂ ಪೂರ್ತಿ ಲೆಕ್ಕಕ್ಕೆ ಸೇರುತ್ತವೆ.

2026ರ ಜನವರಿ 1ಕ್ಕೆ ಬಂದು ಮಾರ್ಚ್ 31ಕ್ಕೆ ಹೊರಟರೆ ಸರಿಯಾಗಿ 90 ದಿನ. ಜನವರಿ 1 ಕಿಟಕಿಯಿಂದ ಹೊರಬೀಳುವುದು ಜೂನ್ 30ಕ್ಕೆ, ಹಾಗಾಗಿ ಮತ್ತೆ ಒಳಬರಲು ಅದೇ ಮೊದಲ ದಿನ. ಅಲ್ಲಿಂದಾಚೆ ದಿನಕ್ಕೊಂದು ಹಳೆಯ ದಿನ ಕಳಚುತ್ತಾ ಹೋಗುವುದರಿಂದ ಸೆಪ್ಟೆಂಬರ್ 27ರವರೆಗೆ ಇರಬಹುದು, ವೀಸಾ ಅಷ್ಟರವರೆಗೆ ಚಾಲ್ತಿಯಲ್ಲಿದ್ದರೆ.

ಟಿಕೆಟ್ ತೆಗೆಯುವ ಮುನ್ನ ವೀಸಾ ಚೀಟಿಯಲ್ಲಿ 'ಡ್ಯುರೇಷನ್ ಆಫ್ ಸ್ಟೇ' ಎದುರಿನ ಸಂಖ್ಯೆ ನೋಡಿ. ಅಲ್ಲಿ 30 ಎಂದಿದ್ದರೆ ನಿಮ್ಮ ಪಾಲಿಗೆ 30 ದಿನವೇ, 90 ಅಲ್ಲ. ಇವುಗಳಲ್ಲಿ ಯಾವುದಾದರೂ ಒಂದು ದೇಶದ ದೀರ್ಘಾವಧಿಯ ಡಿ ವೀಸಾ ಇದ್ದವರಿಗೆ ಅದರ ಮೇಲೆ ಆ ದೇಶದಲ್ಲಿ ಕಳೆದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟಿನ ಮುದ್ರೆ ಮಸುಕಾಗಿದೆ, ಯಾರು ಎಣಿಸುತ್ತಾರೆ ಎಂಬ ಧೈರ್ಯ ಬೇಡ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಂ) ಎಂಬ ಗಡಿ ದಾಖಲೆ ವ್ಯವಸ್ಥೆ ಮುಖದ ಚಿತ್ರದ ಸಮೇತ ಒಳಹೊರಗಿನ ತಾರೀಖುಗಳನ್ನು ದಾಖಲಿಸಿ, ಉಳಿದ ದಿನಗಳನ್ನು ತಾನೇ ಎಣಿಸುತ್ತದೆ.