ಹೆಸ್ಕಾಂ ಲೆಕ್ಕ, ಕೇಂದ್ರದ ಲೆಕ್ಕ: ಪ್ರಾಜೆಕ್ಟ್‌ಗೆ ಯಾವುದನ್ನು ನಂಬಲಿ?

ಪ್ರಾಜೆಕ್ಟ್‌ಗೆ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ಕೊಡುವ ವಿದ್ಯುತ್ ಅಂಕಿ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿ ತಾಳೆಯಾಗ್ತಿಲ್ಲ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಬೆಳಗಾವಿಯಲ್ಲಿ ಎಂ.ಎ. ಮಾಡುವಾಗ ನಾನೂ ಇಲ್ಲೇ ಸಿಕ್ಕಿಬಿದ್ದಿದ್ದೆ. ನನ್ನ ವಿಷಯ ಪಂಪ್‌ಸೆಟ್‌ಗಳ ವಿದ್ಯುತ್ ಬಳಕೆ. ದರ ಪರಿಷ್ಕರಣೆಗೆ ಹೆಸ್ಕಾಂ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಮುಂದೆ ಇಡುವ ಅರ್ಜಿಯಲ್ಲಿ ಎಲ್ಲಾ ಇತ್ತು. ಕೃಷಿಗೆ ಹೋದ ಯೂನಿಟ್ ಎಷ್ಟು, ನಷ್ಟ (ದುಡ್ಡಿನದಲ್ಲ, ಲೆಕ್ಕಕ್ಕೆ ಸಿಗದೆ ಹೋದ ಕರೆಂಟ್) ಎಷ್ಟು, ದಶಮಾಂಶದ ಸಮೇತ. ಅಷ್ಟು ಕರಾರುವಾಕ್ಕಾಗಿ ಇದೆ ಅಂದ್ರೆ ಅಳೆದೇ ಬರೆದಿರಬೇಕು ಅಂದುಕೊಂಡೆ.

ಅಳೆದಿರಲಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಬಹುಪಾಲಿಗೆ ಮೀಟರೇ ಇಲ್ಲ. ಮೀಟರ್ ಇರುವುದು ಸಬ್‌ಸ್ಟೇಷನ್‌ನಲ್ಲಿ, ಕೃಷಿ ಫೀಡರ್ (ಪಂಪ್‌ಸೆಟ್‌ಗಳಿಗೆ ಕರೆಂಟ್ ಒಯ್ಯುವ ಲೈನ್) ಹೊರಡುವ ಜಾಗದಲ್ಲಿ. ಆ ರೀಡಿಂಗ್‌ನಿಂದ ಲೈನ್ ನಷ್ಟ ಇಷ್ಟಿರಬಹುದು ಅಂತ ಕಳೆಯುತ್ತಾರೆ. ಉಳಿದದ್ದನ್ನು ಆ ಫೀಡರ್‌ನ ಪಂಪ್‌ಸೆಟ್‌ಗಳಿಗೆ ಹಂಚಿ ಸರಾಸರಿ ತೆಗೆಯುತ್ತಾರೆ. ನಡುವೆ ಯಾರಾದರೂ ಕಂಬಕ್ಕೆ ಕೊಕ್ಕೆ ಹಾಕಿದ್ದರೆ ಅದೂ ರೈತರ ಲೆಕ್ಕಕ್ಕೇ ಬೀಳುತ್ತದೆ. ಈಗ ಮುಖ್ಯ ವಿಷಯ: ಪಂಪ್‌ಸೆಟ್ ಬಳಕೆಯನ್ನು ಜಾಸ್ತಿ ಅಂದಾಜು ಮಾಡಿದಷ್ಟೂ ಕಂಪನಿಯ ನಷ್ಟ ಕಡಿಮೆ ಕಾಣುತ್ತದೆ. ಬಂದ ಕರೆಂಟಿನಲ್ಲಿ ಮಾರಾಟ ಕಳೆದರೆ ಉಳಿಯುವುದೇ ನಷ್ಟ ಅಲ್ವಾ? ನಾನು ನಷ್ಟ ಇಳಿದಿದೆ ಅಂತ ಒಂದಿಡೀ ಅಧ್ಯಾಯ ಬರೆದಿದ್ದೆ. ವೈವಾದಲ್ಲಿ ಕೇಳಿದರು, "ಈ ಯೂನಿಟ್ ಓದಿದ ಮೀಟರ್ ಎಲ್ಲಿದೆ?" ಉತ್ತರ ಇರಲಿಲ್ಲ. ಅಧ್ಯಾಯ ಕಿತ್ತುಹಾಕಿ ಹೊಸದಾಗಿ ಬರೆಯುವಷ್ಟರಲ್ಲಿ, ನಾನು ಕಾದು ಕೂತಿದ್ದ ನೌಕರಿಯ ಅರ್ಜಿಯ ಕೊನೆ ದಿನ ದಾಟಿಹೋಗಿತ್ತು.

ಅದಕ್ಕೇ ಹೇಳೋದು, ಯಾವುದನ್ನು ನಂಬಲಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಎಲ್ಲಿ ನಿಂತು ಎಣಿಸಿದ್ದಾರೆ ಅಂತ ಕೇಳಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ದಿನದ ಉತ್ಪಾದನಾ ವರದಿ ಸ್ಥಾವರದ ಲೆಕ್ಕ. ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರ ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ, ಆದರೆ ಅದರ ಕರೆಂಟ್ ತಮಿಳುನಾಡು, ಕೇರಳಕ್ಕೂ ಹೋಗುತ್ತದೆ. ಹೆಸ್ಕಾಂ ಎಣಿಸುವುದು ತನ್ನ ಜಾಲಕ್ಕೆ ಬಂದದ್ದನ್ನು. ಎರಡೂ ಒಂದಾಗುವುದಾದರೂ ಹೇಗೆ?

ಮುನ್ನಂದಾಜಿನಲ್ಲೂ ಹುಷಾರಾಗಿರಿ. ಪ್ರಾಧಿಕಾರ 2022ರಲ್ಲಿ ಹೊರತಂದ 20ನೇ ವಿದ್ಯುತ್ ಸಮೀಕ್ಷೆ 2031-32ರವರೆಗಿನ ಬೇಡಿಕೆ ಹೇಳುತ್ತದೆ. ಅದಕ್ಕೂ ತಳಪಾಯ ಹಿಂದಿನ ವರ್ಷಗಳ ಬಳಕೆಯೇ, ಮೀಟರಿಲ್ಲದ ಪಂಪ್‌ಸೆಟ್‌ಗಳ ಅಂದಾಜೂ ಅದರೊಳಗೇ ಇದೆ. ಸುಮ್ನೆ ಗ್ರಾಫ್ ಎಳೆದು ಕೂರಬೇಡಿ. ನಿಮ್ಮೂರಿನ ಒಂದು ಕೃಷಿ ಫೀಡರ್ ಆರಿಸಿಕೊಂಡು ಅದರ ತಿಂಗಳ ರೀಡಿಂಗ್‌ಗೆ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಕೊಡದಿದ್ದರೆ ಆರ್‌ಟಿಐ ಹಾಕಿ.