ಅಣಬೆ ಶೆಡ್ಡಿನಿಂದ ಎಷ್ಟು ಮನೆ ನಡೆದೀತು?

ಊರಿನವರೆಲ್ಲ ಸೇರಿ ಅಣಬೆ ಬೆಳೆದು ಕೆಲಸ ಹುಟ್ಟಿಸಿಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಅಣಬೆ ಕೃಷಿ ತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ನಾವು 14 ಜನ ಇದ್ದೇವೆ. ಅರ್ಧದಷ್ಟು ಮಂದಿಗೆ ಖಾಯಂ ಕೆಲಸ ಇಲ್ಲ. ಒಂದು ಖಾಲಿ ಗೋದಾಮು ಸಿಕ್ಕಿದೆ. ಅಣಬೆ ಬೆಳೆಯುವ ತರಬೇತಿಯನ್ನೂ ಪಡೆದಿದ್ದೇವೆ. ಎಲ್ಲರಿಗೂ ಕೆಲಸ ಸಿಗಬೇಕೆಂಬುದು ಆಸೆ. ಎಲ್ಲಿಂದ ಶುರು ಮಾಡೋಣ?

ಗೋದಾಮಿನ ಬೀಗ ಸದ್ಯಕ್ಕೆ ಹಾಗೇ ಇರಲಿ. ಮೊದಲು ಇಬ್ಬರು ಒಂದು ನೋಟ್‌ಬುಕ್ ಹಿಡಿದು ಹೊರಗೆ ತಿರುಗಿ ಬನ್ನಿ. ಹೋಟೆಲ್, ಕ್ಯಾಂಟೀನ್, ಹಾಸ್ಟೆಲ್, ತರಕಾರಿ ಮಾರುವವರು, ನಿಮ್ಮ ಅಕ್ಕಪಕ್ಕದ ಮನೆಗಳು, ಎಲ್ಲ ಕಡೆ ಮೂರೇ ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಕೆಜಿ ಬೇಕು? ಯಾವ ಯಾವ ದಿನ ಬೇಕು? ದುಡ್ಡು ಯಾವಾಗ ಕೊಡುತ್ತೀರಿ? ಬಂದ ಉತ್ತರಗಳನ್ನು ಕೂಡಿಸಿ, ಆ ಮೊತ್ತವನ್ನು ಅರ್ಧ ಮಾಡಿ. ಮುಖದ ಮೇಲೆ ಬೇಡ ಅನ್ನಲು ಆಗದೆ 'ಹ್ಞೂಂ' ಅನ್ನುವವರೇ ಜಾಸ್ತಿ. ಅದಕ್ಕೇ ಅರ್ಧ.

ಇಷ್ಟೊಂದು ಒತ್ತಿ ಹೇಳಲು ಕಾರಣ ಇದೆ. ಕೆಲಸ ಎಷ್ಟು ಜನರಿಗೆ ಅನ್ನುವುದನ್ನು ಶೆಡ್ಡಿನ ಉದ್ದ ಅಗಲ ಹೇಳುವುದಿಲ್ಲ. ದಿನಕ್ಕೆ ಎಷ್ಟು ಕೆಜಿ ಬಾಗಿಲು ದಾಟಿ ಹೋಗುತ್ತದೆ ಅನ್ನುವುದು ಹೇಳುತ್ತದೆ. ಲೆಕ್ಕ ಹಾಕಿ ನೋಡೋಣ.

ದಿನಕ್ಕೆ 10 ಕೆಜಿ ಒಣಹುಲ್ಲು ತಗೊಳ್ಳಿ. ನೆನೆಸಿ, ಬೇಯಿಸಿ, ಬಸಿದ ಮೇಲೆ ಅದು ಸುಮಾರು 30 ಕೆಜಿ ಆಗುತ್ತದೆ. ಅದಕ್ಕೆ ಬೀಜ (ಅಣಬೆಯ ಬಿಳಿ ನೂಲು ಹಬ್ಬಿಸಿದ ಕಾಳು) ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ 5 ಕೆಜಿಯ 6 ಚೀಲ. ಹೊಸಬರಿಗೆ 10 ಕೆಜಿ ಒಣಹುಲ್ಲಿಗೆ 5 ಕೆಜಿ ಹಸಿ ಅಣಬೆ ಬಂದರೆ ಚೆನ್ನಾಗಿಯೇ ಬಂತು ಅನ್ನಬೇಕು. ಕೈ ಪಳಗಿದ ಮೇಲೆ 7, 8 ಕೆಜಿಯೂ ಬರುತ್ತದೆ, ಆದರೆ ಯೋಜನೆಯಲ್ಲಿ 5 ಎಂದೇ ಬರೆದುಕೊಳ್ಳಿ. ಚಿಪ್ಪಣಬೆಯ (ಆಯ್ಸ್ಟರ್ ಮಶ್ರೂಮ್) ಒಂದು ಚೀಲ ಕಟ್ಟಿದ ದಿನದಿಂದ ಕೊನೆಯ ಕೊಯ್ಲಿನವರೆಗೆ ಸುಮಾರು 50 ದಿನ ಶೆಡ್ಡಿನಲ್ಲಿರುತ್ತದೆ. ದಿನಕ್ಕೆ 6 ಚೀಲ ಕಟ್ಟಿದರೆ ಯಾವಾಗಲೂ 300 ಚೀಲ ಒಳಗೆ ತೂಗುತ್ತಿರುತ್ತವೆ. ಹುಲ್ಲು ಕತ್ತರಿಸುವುದು, ಬೇಯಿಸುವುದು, ಚೀಲ ತುಂಬುವುದು, ನೀರು ಸಿಂಪಡಿಸುವುದು, ಕೊಯ್ಯುವುದು, ಪ್ಯಾಕ್ ಮಾಡುವುದು ಎಲ್ಲ ಸೇರಿ ಇದು ಹೆಚ್ಚುಕಡಿಮೆ ಒಬ್ಬರ ಒಂದು ದಿನದ ಕೆಲಸ.

ಈಗ ಆ 5 ಕೆಜಿ ಮಾರಿ ಬಂದ ದುಡ್ಡಿನಲ್ಲಿ ಬೀಜ, ಹುಲ್ಲು, ಚೀಲ, ಉರುವಲು, ಸಾಗಾಟ, ಬಾಡಿಗೆ ಕಳೆಯಿರಿ. ಉಳಿದದ್ದು ನಿಮ್ಮಲ್ಲಿ ಹೊರಗೆ ಸಿಗುವ ದಿನಗೂಲಿಯಷ್ಟಾದರೂ ಇದೆಯಾ? ಇಲ್ಲದಿದ್ದರೆ ಜನ ಮೂರನೇ ತಿಂಗಳಿಗೆ ಬರುವುದು ನಿಲ್ಲಿಸುತ್ತಾರೆ. ಅವರ ತಪ್ಪೂ ಅಲ್ಲ. ಒಟ್ಟಿಗೆ ದೊಡ್ಡದಾಗಿ ಮಾಡಿದರೆ ಒಬ್ಬರ ಕೈಯಲ್ಲಿ ಇನ್ನೂ ಜಾಸ್ತಿ ಚೀಲ ಓಡುತ್ತದೆ, ನಿಜ. ಆದರೂ 14 ಜನರಿಗೆ ಪೂರ್ತಿ ಕೆಲಸ ಬೇಕೆಂದರೆ ದಿನಕ್ಕೆ 70 ಕೆಜಿಗೂ ಮೇಲೆ ಮಾರಾಟ ಆಗಬೇಕು. ವಾರದ ಏಳೂ ದಿನ. ಹಾಗಾಗಿ ಮೊದಲ ವರ್ಷ ಮೂರು ನಾಲ್ಕು ಜನರಿಗೆ ಪೂರ್ತಿ ಕೆಲಸ, ಇನ್ನು ಮೂರು ನಾಲ್ಕು ಜನರಿಗೆ ಅರ್ಧ ದಿನದ ಕೆಲಸ ಎಂದು ಈಗಲೇ ಮಾತಾಡಿಕೊಳ್ಳಿ. ಉಳಿದವರಿಗೆ ಬೇಸರ ಆಗುತ್ತದೆ. ಆದರೆ ಅದು ಶುರುವಿನಲ್ಲೇ ಆಗಿಬಿಡಲಿ.

ಯಾವ ಜಾತಿಯ ಅಣಬೆ ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಚಿಪ್ಪಣಬೆಯಿಂದ ಶುರು ಮಾಡಿ. ಸುಮಾರು 20ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಒಂದಲ್ಲ ಒಂದು ತಳಿ ಒಗ್ಗುತ್ತದೆ. ಹುಲ್ಲು, ಜೋಳದ ದಂಟು, ಹತ್ತಿಯ ಕಸ, ಕಬ್ಬಿನ ಸಿಪ್ಪೆ, ಏನು ಕೊಟ್ಟರೂ ತಿನ್ನುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಹಸಿವಿಗೆ ದಾರಿ ಹುಡುಕುತ್ತಾ ಇದನ್ನು ಬೆಳೆಯಲು ಕಲಿತದ್ದೂ ಇದೇ ಗುಣದಿಂದ. ಬಟನ್ ಅಣಬೆ ನೋಡಲು ಚೆಂದ, ಆದರೆ ಅದಕ್ಕೆ ವಾರಗಟ್ಟಲೆ ಹದ ಮಾಡಿದ ಕಂಪೋಸ್ಟ್ ಬೇಕು. ಬೆಳೆ ಬರುವಾಗ ಕೋಣೆ 14ರಿಂದ 18 ಡಿಗ್ರಿಯಲ್ಲಿ ಇರಬೇಕು. ತಂಪು ಯಂತ್ರದ ಸಾಲ ತೀರಿಸಲೆಂದೇ ದುಡಿಯಬೇಕಾಗುತ್ತದೆ. ನಿಮ್ಮಲ್ಲಿ ಬಿಸಿಲು ಜಾಸ್ತಿ ಇದ್ದರೆ ಬೇಸಿಗೆಗೆ ಹಾಲಣಬೆ ಇದೆ. 30ರಿಂದ 35 ಡಿಗ್ರಿಯಲ್ಲಿ ಆರಾಮವಾಗಿ ಬರುತ್ತದೆ, ಕೊಯ್ದ ಮೇಲೆ ಚಿಪ್ಪಣಬೆಗಿಂತ ಜಾಸ್ತಿ ದಿನ ತಾಳುತ್ತದೆ.

ಇನ್ನೊಂದು ಮಾತು. 300 ಚೀಲವನ್ನು ಒಂದೇ ವಾರ ಕಟ್ಟಬೇಡಿ. ಸುಮಾರು ಎಲ್ಲರೂ ಮಾಡುವ ತಪ್ಪು ಇದು. ಮೂರು ವಾರ ಶೆಡ್ಡಿನಲ್ಲಿ ಏನೂ ಇಲ್ಲ, ಆಮೇಲೆ ನಾಲ್ಕೇ ದಿನದಲ್ಲಿ ರಾಶಿ ಅಣಬೆ, ಮತ್ತೆ ಒಂದು ವಾರ ಖಾಲಿ. ಹೋಟೆಲಿನವರಿಗೆ ರಾಶಿ ಬೇಡ. ಮಂಗಳವಾರವೂ 2 ಕೆಜಿ, ಶುಕ್ರವಾರವೂ 2 ಕೆಜಿ ಬೇಕು. ದಿನಾ ಸ್ವಲ್ಪ ಸ್ವಲ್ಪ ಕಟ್ಟಿ. ಚೀಲದ ಮೇಲೆ ತಾರೀಕು ಬರೆಯಿರಿ.

ಪ್ರಶ್ನೆ: 40 ಚೀಲ ಕಟ್ಟಿದೆವು. ಅರ್ಧಕ್ಕೆ ಹಸಿರು ಬೂಷ್ಟು ಹಿಡಿಯಿತು. ಬೀಜ ಕೊಟ್ಟವರು 'ನಿಮ್ಮ ಕೈ ಶುಚಿ ಇಲ್ಲ' ಅನ್ನುತ್ತಾರೆ. ನಮಗೆ ಬೀಜದ ಮೇಲೇ ಅನುಮಾನ. ಯಾರದ್ದು ತಪ್ಪು?

ಚೀಲವನ್ನೇ ಕೇಳಿ. ಬೂಷ್ಟು ಎಲ್ಲಿಂದ ಶುರುವಾಗಿದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಬಿಳಿ ನೂಲು ಹಬ್ಬುವ ಮೊದಲೇ ಬೀಜದ ಕಾಳಿನ ಸುತ್ತ ಹಸಿರು ಬಂದಿದ್ದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಚೀಲದ ತಳದಲ್ಲಿ ನೀರು ನಿಂತು, ಅಲ್ಲಿಂದ ಹುಳಿ ವಾಸನೆ ಬಂದು ಮೇಲಕ್ಕೆ ಹಬ್ಬಿದ್ದರೆ ಹುಲ್ಲು ತೀರಾ ಒದ್ದೆಯಾಗಿತ್ತು. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಇಡೀ ಚೀಲದಲ್ಲಿ ಬಂದಿದ್ದರೆ ಹುಲ್ಲು ಸರಿಯಾಗಿ ಬೆಂದಿಲ್ಲ. ಮೊದಲ ಕೊಯ್ಲು ಆದ ಮೇಲೆ ತೂತಿನ ಬಾಯಲ್ಲಿ ಬಂದಿದ್ದರೆ ಅಣಬೆಯ ಬುಡದ ಚೂರನ್ನು ಕೀಳದೆ ಬಿಟ್ಟಿದ್ದೀರಿ.

ಹುಲ್ಲು ಹೊಸದಾಗಿರಬೇಕು, ಮಳೆಯಲ್ಲಿ ನೆಂದಿರಬಾರದು. 3ರಿಂದ 5 ಸೆಂಟಿಮೀಟರ್ ತುಂಡು ಮಾಡಿ, ರಾತ್ರಿಯಿಡೀ ನೆನೆಸಿ. ಆಮೇಲೆ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆಗೆ ಕಡಿಮೆಯಾಗದಂತೆ ಇಡಿ. ಬೇಗ ಮುಗಿಸುವ ಆಸೆಗೆ ಹಂಡೆಯಲ್ಲಿ ಹುಲ್ಲನ್ನು ಒತ್ತಿ ಒತ್ತಿ ತುಂಬುತ್ತಾರೆ. ಸುತ್ತ ಬೆಂದಿರುತ್ತದೆ, ನಡುವೆ ಉಗುರುಬೆಚ್ಚಗೆ. ಒಂದು ಥರ್ಮಾಮೀಟರ್ ಕೊಂಡು ನಡುಮಧ್ಯಕ್ಕೆ ಚುಚ್ಚಿ ನೋಡಿ. ಈ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಹದ ತಿಳಿಯಲು ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಿದ್ದರೆ ಸರಿ. ಧಾರೆ ಇಳಿದರೆ ಇನ್ನೂ ಆರಬೇಕು. ಪೂರ್ತಿ ತಣಿದ ಮೇಲೆ ಬೀಜ ಹಾಕಿ, ಬಿಸಿ ಹುಲ್ಲಿನಲ್ಲಿ ಬೀಜ ಸಾಯುತ್ತದೆ. ಬಿಳಿ ನೂಲು ಹಬ್ಬುವಾಗ ಚೀಲ ತಾನೇ ಬಿಸಿಯಾಗುತ್ತದೆ ಅನ್ನುವುದೂ ನೆನಪಿರಲಿ. ಒಳಗಿನ ಬಿಸಿ ಕೋಣೆಗಿಂತ ಕೆಲವು ಡಿಗ್ರಿ ಮೇಲೆ ಇರುತ್ತದೆ. ಸೆಕೆಗಾಲದಲ್ಲಿ ದಪ್ಪ ಚೀಲಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಒಳಗೊಳಗೇ ಬೇಯುತ್ತವೆ.

ಶುಚಿಯ ಮಾತೂ ಪೂರ್ತಿ ಸುಳ್ಳಲ್ಲ. ಹಳೇ ಚೀಲ ಇರುವ ಕೋಣೆಯಲ್ಲಿ ಹೊಸ ಬೀಜದ ಪೊಟ್ಟಣ ಬಿಚ್ಚಬಾರದು. ದಿನದ ಕೆಲಸಕ್ಕೊಂದು ಕ್ರಮ ಇರಲಿ. ಬೆಳಿಗ್ಗೆ ಸ್ನಾನ ಮಾಡಿ ಬಂದ ಕೈ ಮೊದಲು ಬೀಜ ಹಾಕಲಿ, ಆಮೇಲೆ ಕೊಯ್ಲು, ಕೊನೆಗೆ ಹಾಳಾದ ಚೀಲ ತೆಗೆಯುವುದು. ಹಸಿರು ಹಿಡಿದ ಚೀಲವನ್ನು ಶೆಡ್ಡಿನೊಳಗೆ ಬಿಚ್ಚಿ ಎಲ್ಲರಿಗೂ ತೋರಿಸುವ ಅಭ್ಯಾಸ ಬೇಡ! ಹಾಗೇ ಹೊರಗೆ ಒಯ್ದು ದೂರದಲ್ಲಿ ಹೂಳಿ.

ಮುಂದಿನ ಸಲ ಒಂದು ಪರೀಕ್ಷೆ ಮಾಡಿ. ಹತ್ತು ಚೀಲಕ್ಕೆ ಇವರ ಬೀಜ, ಹತ್ತು ಚೀಲಕ್ಕೆ ಬೇರೆಯವರ ಬೀಜ. ಅದೇ ಹುಲ್ಲು, ಅದೇ ದಿನ, ಅದೇ ಕೈ. ಜಗಳ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಬೀಜಕ್ಕೇ ಜಾಸ್ತಿ ದುಡ್ಡು ಹೋಗುತ್ತಿದೆ. ನಾವೇ ತಯಾರಿಸಿಕೊಳ್ಳಬಹುದಾ?

ಈಗಲೇ ಬೇಡ. ಕಾಳನ್ನು ಪ್ರೆಷರ್‌ನಲ್ಲಿ 121 ಡಿಗ್ರಿಗೆ ಕಾಯಿಸಿ, ಗಾಳಿಯಲ್ಲಿನ ಒಂದು ಕಣವೂ ಸೇರದಂತೆ ತಾಯಿ ಬೀಜ (ಶುದ್ಧವಾಗಿ ಬೆಳೆಸಿದ ಅಣಬೆಯ ನೂಲು) ಸೇರಿಸಬೇಕು. ಅದಕ್ಕೆ ಬೇರೆಯೇ ಕೋಣೆ, ಬೇರೆಯೇ ಕೈ ಬೇಕು. ಒಂದು ಬ್ಯಾಚ್ ಕೆಟ್ಟರೆ ಎರಡು ತಿಂಗಳ ಬೆಳೆಯೇ ಹೋಗುತ್ತದೆ. ವರ್ಷವಿಡೀ ನಿಲ್ಲದೆ ಬೆಳೆದು, ಸುತ್ತಮುತ್ತಲಿನ ಬೇರೆ ಬೆಳೆಗಾರರೂ ನಿಮ್ಮಲ್ಲಿ ಬೀಜ ಕೇಳಲು ಶುರು ಮಾಡಿದ ಮೇಲೆ ಯೋಚಿಸಿ. ಆಗ ಅದೇ ಇಬ್ಬರಿಗೆ ಹೊಸ ಕೆಲಸ ಆದೀತು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಕೆಲವರು ದಿನಾ ಬರುತ್ತಾರೆ, ಕೆಲವರು ಲಾಭ ಹಂಚುವ ದಿನ ಮಾತ್ರ. ಹೇಗೆ ಸರಿ ಮಾಡುವುದು?

ಅಣಬೆ ಕೆಟ್ಟು ಮುಚ್ಚಿದ ಶೆಡ್ಡಿಗಿಂತ ಮನಸ್ಸು ಕೆಟ್ಟು ಮುಚ್ಚಿದ ಶೆಡ್ಡೇ ಜಾಸ್ತಿ. ಬೂಷ್ಟಿಗಾದರೆ ಬಿಸಿನೀರಿದೆ!

ಕೂಲಿ ಬೇರೆ, ಲಾಭ ಬೇರೆ. ಇವೆರಡನ್ನು ಒಂದೇ ಡಬ್ಬಿಗೆ ಹಾಕಿದ್ದರಿಂದಲೇ ನಿಮ್ಮಲ್ಲಿ ತಕರಾರು ಬಂದಿದೆ. ಗೋಡೆಗೆ ಒಂದು ಹಾಜರಿ ಪುಸ್ತಕ ತೂಗುಹಾಕಿ. ಯಾರು ಎಷ್ಟು ಗಂಟೆ ದುಡಿದರು ಅಂತ ಅವತ್ತೇ ಬರೆಯಿರಿ, ಮಾರನೇ ದಿನ ನೆನಪಿನಿಂದ ಬರೆಯುವುದು ಬೇಡ. ದುಡ್ಡು ಬಂದಾಗ ಮೊದಲು ಆ ಗಂಟೆಗಳ ಕೂಲಿ ಕೊಡಿ. ಆಮೇಲೆ ಮುಂದಿನ ಬ್ಯಾಚಿನ ಬೀಜ, ಹುಲ್ಲಿಗೆ ತೆಗೆದಿಡಿ. ರಿಪೇರಿಗೂ ಸ್ವಲ್ಪ ಇರಲಿ. ಇಷ್ಟಾಗಿ ಉಳಿದರೆ ಅದು ಲಾಭ. ಅದನ್ನು ಪಾಲುದಾರರು ಹಂಚಿಕೊಳ್ಳಿ, ಸುಮ್ನೆ ಕೂತವರಿಗೂ ಅವರ ಪಾಲು ಸಿಗಲಿ, ಅವರೂ ಬಂಡವಾಳ ಹಾಕಿದ್ದಾರಲ್ವಾ? ದುಡಿದವರಿಗೆ ಕೂಲಿ ಮೊದಲೇ ಸಿಕ್ಕಿದ್ದರೆ ಇದರಲ್ಲಿ ಹೊಟ್ಟೆಕಿಚ್ಚು ಪಡಲು ಏನೂ ಉಳಿಯುವುದಿಲ್ಲ.

ತೀರ್ಮಾನ ಮಾಡುವಾಗ ಒಬ್ಬರಿಗೆ ಒಂದೇ ಓಟು. ದುಡ್ಡು ಎಷ್ಟೇ ಹಾಕಿರಲಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕಸುಬಿನವರೂ ಕೂಡಿ ಅಂಗಡಿ ತೆರೆದರು. ಅವರು ಪಾಲಿಸಿದ ಈ ನಿಯಮವನ್ನು ಜಗತ್ತಿನ ಸಹಕಾರ ಸಂಘಗಳು ಇಂದಿಗೂ ಬಿಟ್ಟಿಲ್ಲ.

ಮಾರಲು ಹೋಗುವವರ ಹೊತ್ತನ್ನೂ ಪುಸ್ತಕದಲ್ಲಿ ಬರೆಯಿರಿ. ಬಿಸಿಲಲ್ಲಿ ಹತ್ತು ಬಾಗಿಲು ಬಡಿಯುವುದನ್ನು ಗುಂಪುಗಳು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಒಬ್ಬರು ಬೇಸತ್ತು ಬಿಟ್ಟ ದಿನ ಶೆಡ್ಡು ತುಂಬಾ ಅಣಬೆ ಇರುತ್ತದೆ, ಕೊಳ್ಳುವವರು ಇರುವುದಿಲ್ಲ.

ರಜೆಯ ಪಟ್ಟಿಯನ್ನೂ ಈಗಲೇ ಮಾಡಿ. ಅಣಬೆಗೆ ಭಾನುವಾರ ಗೊತ್ತಿಲ್ಲ. ಮೊಗ್ಗು ಮೂಡಿದ ಮೂರು ನಾಲ್ಕು ದಿನಕ್ಕೆ ಕೊಯ್ಲಿಗೆ ಬಂದುಬಿಡುತ್ತದೆ, ಒಂದು ದಿನ ತಡವಾದರೂ ಅಂಚು ಸೀಳಿ ಬೆಲೆ ಇಳಿಯುತ್ತದೆ.

ಪ್ರಶ್ನೆ: ಮಾರಾಟವಾಗದೆ ಉಳಿದದ್ದನ್ನು ಒಣಗಿಸಿದರೆ ನಷ್ಟ ತಪ್ಪುತ್ತದಾ?

ನಷ್ಟ ಕಡಿಮೆಯಾಗುತ್ತದೆ, ತಪ್ಪುವುದಿಲ್ಲ. ಅಣಬೆಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. 10 ಕೆಜಿ ಒಣಗಿಸಿದರೆ ಸಿಗುವುದು ಒಂದು ಕೆಜಿ. ಅದನ್ನು ಹತ್ತು ಪಟ್ಟು ಬೆಲೆಗೆ ಕೊಳ್ಳುವವರು ನಿಮ್ಮಲ್ಲಿ ಇದ್ದಾರಾ ಅಂತ ಮೊದಲು ನೋಡಿ. 50 ಡಿಗ್ರಿ ಆಸುಪಾಸಿನಲ್ಲಿ, ಮುರಿದರೆ ಪಟ್ ಅನ್ನುವವರೆಗೆ ಒಣಗಿಸಿ ಗಾಳಿಯಾಡದ ಡಬ್ಬದಲ್ಲಿಡಿ. ಬಿಸಿಲಿಗೆ ಹರಡುವುದಾದರೆ ತಲೆಯ ಅಡಿಯಲ್ಲಿರುವ ಗರಿಯಂಥ ಭಾಗ ಮೇಲೆ ಬರಲಿ. ಬಿಸಿಲು ತಾಗಿದ ಅಣಬೆಯಲ್ಲಿ ಡಿ ವಿಟಮಿನ್ ಹೆಚ್ಚುತ್ತದೆ. ಹಸಿಯಾಗಿ ಉಳಿಸುವುದಾದರೆ ತೂತಿರುವ ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಕೊಯ್ಯುವ ಮುಂಚೆ ನೀರು ಸಿಂಪಡಿಸಬೇಡಿ. ಒದ್ದೆ ಅಣಬೆ ಬೇಗ ಕಂದು ತಿರುಗಿ ಲೋಳೆಯಾಗುತ್ತದೆ.

ಪ್ರಶ್ನೆ: ಕೊಯ್ಲು ಮಾಡುವ ಒಬ್ಬರಿಗೆ ಸಂಜೆ ಹೊತ್ತು ಕೆಮ್ಮು, ಚಳಿಜ್ವರ ಬರುತ್ತದೆ. ಬೆಳಿಗ್ಗೆ ಸರಿಹೋಗುತ್ತದೆ. ಹವಾಮಾನದ್ದಿರಬಹುದಾ?

ಹಾಗಂತ ಬಿಡಬೇಡಿ. ಬಲಿತ ಚಿಪ್ಪಣಬೆ ಕಣ್ಣಿಗೆ ಕಾಣದ ಬೀಜಕಣಗಳನ್ನು ಲೆಕ್ಕವಿಲ್ಲದಷ್ಟು ಉದುರಿಸುತ್ತದೆ. ಕೆಲವರ ಶ್ವಾಸಕೋಶಕ್ಕೆ ಅದು ಆಗಿಬರುವುದಿಲ್ಲ. ಕೆಲಸ ಮುಗಿದ ಕೆಲವು ಗಂಟೆಗಳ ಮೇಲೆ ಜ್ವರ, ಕೆಮ್ಮು, ಏದುಸಿರು ಬರುವುದು ಇದರ ಗುರುತು. ಹೀಗೇ ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿ ಆಗಬಹುದು. ಅವರನ್ನು ವೈದ್ಯರ ಬಳಿ ಕಳಿಸಿ, 'ಅಣಬೆ ಶೆಡ್ಡಿನಲ್ಲಿ ಕೆಲಸ' ಅಂತ ಬಾಯಿಬಿಟ್ಟು ಹೇಳಲಿ. ಇಲ್ಲದಿದ್ದರೆ ವೈದ್ಯರಿಗೂ ನೆಗಡಿ ಅಂತಲೇ ಕಾಣುತ್ತದೆ.

ಅಲ್ಲಿಯವರೆಗೆ ಅವರು ಒಳಗೆ ಹೋಗುವುದು ಬೇಡ. ಮಾರಾಟವೋ, ಲೆಕ್ಕವೋ ನೋಡಿಕೊಳ್ಳಲಿ, ಕೂಲಿ ಕಡಿಮೆ ಮಾಡಬೇಡಿ. ಉಳಿದವರಿಗೆ ಎನ್95 ಮಾಸ್ಕ್ ಕೊಡಿ. ಬಟ್ಟೆ ಕಟ್ಟಿಕೊಂಡರೆ ಸಾಲದು. ಅಂಚು ಕೆಳಮುಖವಾಗಿ ಬಾಗಿರುವಾಗಲೇ ಕೊಯ್ಯಿರಿ, ಚಪ್ಪಟೆಯಾಗಿ ಮೇಲೆ ಏಳುವವರೆಗೆ ಕಾಯಬೇಡಿ. ಒಳಗೆ ಹೋಗುವ ಮುಂಚೆ ಕಿಟಕಿ ತೆರೆದು ಗಾಳಿ ಆಡಲಿ. ಗಾಳಿ ಅಣಬೆಗೂ ಬೇಕು. ಅದರ ಕಾಲು ಉದ್ದವಾಗಿ ತಲೆ ಚಿಕ್ಕದಾಗಿದ್ದರೆ ಶೆಡ್ಡಿನಲ್ಲಿ ಉಸಿರುಕಟ್ಟಿದೆ ಅಂತಲೇ ಅರ್ಥ.

ಪ್ರಶ್ನೆ: ಬೆಳೆ ಮುಗಿದ ಚೀಲದ ಹುಲ್ಲು ಏನು ಮಾಡುವುದು? ಮಳೆಗಾಲದಲ್ಲಿ ಕಾಡಿನ ಅಣಬೆಯನ್ನೂ ಆರಿಸಿ ಜೊತೆಗೆ ಮಾರಬಹುದಾ?

ಹುಲ್ಲು ಒಳ್ಳೆಯ ಗೊಬ್ಬರ. ಪ್ಲಾಸ್ಟಿಕ್ ಬಿಡಿಸಿ, ಶೆಡ್ಡಿನಿಂದ ದೂರ ರಾಶಿ ಹಾಕಿ ಕೊಳೆಯಲು ಬಿಡಿ. ಎರೆಹುಳಕ್ಕೂ ಇಷ್ಟ. ತರಕಾರಿ ಬೆಳೆಯುವವರು ಬಂದು ಒಯ್ಯುತ್ತಾರೆ. ಬದಲಿಗೆ ಅವರ ಒಣಹುಲ್ಲು ಕೇಳಿ ನೋಡಿ.

ಕಾಡಿನ ಅಣಬೆ ಬೇಡ. ನಿಮ್ಮಲ್ಲಿ ಗುರುತು ಹಿಡಿಯುವ ಹಿರಿಯರು ಇದ್ದರೂ ಬೇಡ. ಒಂದೇ ಒಂದು ವಿಷದ ಅಣಬೆ ಸೇರಿಹೋದರೆ ಒಂದು ಜೀವ ಹೋಗಬಹುದು, ಆಮೇಲೆ ನಿಮ್ಮ ಶೆಡ್ಡಿನ ಅಣಬೆಯನ್ನೂ ಯಾರೂ ಮುಟ್ಟುವುದಿಲ್ಲ.